ಕಣ್ಣಿನ ಕತ್ತಲೆಗೆ ದಾರಿ ತೋರಿದ ಗಾಜು

ಲ್ಯಾಬಿನಲ್ಲಿ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ನೋಡಿದವರಿಗೆ ಹೆಸರು ಗೊತ್ತು. ಅವರು ಓದಿದ್ದು ಮಾತ್ರ ವೈದ್ಯಕೀಯ.

1821ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದ ಹರ್ಮನ್‌ಗೆ ಭೌತಶಾಸ್ತ್ರವೇ ಬೇಕಿತ್ತು. ಮೇಷ್ಟ್ರಾಗಿದ್ದ ಅಪ್ಪನ ಬಳಿ ಅಷ್ಟು ದುಡ್ಡಿರಲಿಲ್ಲ. ಬರ್ಲಿನ್‌ನಲ್ಲಿ ಸರ್ಕಾರವೇ ವೈದ್ಯಕೀಯ ಓದಿಸುತ್ತಿತ್ತು, ಆಮೇಲೆ ಎಂಟು ವರ್ಷ ಸೈನ್ಯದಲ್ಲಿ ದುಡಿಯಬೇಕೆಂಬ ಷರತ್ತಿನ ಮೇಲೆ. ಬಾಂಡ್ ಬರೆದುಕೊಟ್ಟು ಓದುವ ಕಷ್ಟ ಇಂದಿನದಲ್ಲ ನೋಡಿ! ಸೈನ್ಯದಲ್ಲಿದ್ದಾಗಲೇ, 1847ರಲ್ಲಿ, ಶಕ್ತಿಯ ಸಂರಕ್ಷಣೆ ಕುರಿತು ಪ್ರಬಂಧ ಬರೆದರು. ಹೆಸರಾಂತ ವಿಜ್ಞಾನ ಪತ್ರಿಕೆ ಅದನ್ನು ತಿರಸ್ಕರಿಸಿತು. ಕಿರುಪುಸ್ತಕವಾಗಿ ಅಚ್ಚು ಹಾಕಿಸಿದರು.

ಮುಂದೆ ಕೋನಿಗ್ಸ್‌ಬರ್ಗ್‌ನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಆಗ ವೈದ್ಯರಿಗೆ ರೋಗಿಯ ಕಣ್ಣಿನ ಪಾಪೆಯಾಚೆ ಬರೀ ಕತ್ತಲು. ಕಾರಣ ಸರಳ: ಒಳಹೋದ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ, ಆ ದಾರಿಯಲ್ಲಿ ನಿಂತು ನೋಡಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡ. ಹೆಲ್ಮ್‌ಹೋಲ್ಟ್ಸ್ ನಡುವೆ ಗಾಜನ್ನು ಓರೆಯಾಗಿಟ್ಟರು. ಪಕ್ಕದ ದೀಪದ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ರೋಗಿಯ ಕಣ್ಣು ಸೇರಿತು. ಮರಳುವಾಗ ಒಂದಿಷ್ಟು ಗಾಜು ದಾಟಿ ಇವರ ಕಣ್ಣಿಗೆ ಬಂತು. ರೆಟಿನಾ, ಅದರ ರಕ್ತನಾಳಗಳು ಕಂಡವು! ಕತ್ತರಿಯಿಲ್ಲ, ಸೂಜಿಯಿಲ್ಲ. ಮೊದಲ ಸಾಧನಕ್ಕೆ ಬಳಸಿದ್ದು ರಟ್ಟು, ಅಂಟು, ತೆಳುಗಾಜು. 1851ರಲ್ಲಿ ಅದರ ವಿವರ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಮಾಡುವ ಹಾನಿಯನ್ನು ಇಂದಿಗೂ ಹೀಗೆ ಬೆಳಕು ಹಾಯಿಸಿಯೇ ನೋಡುತ್ತಾರೆ.

ಬಯಸಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1871ರಲ್ಲಿ, ಅದೇ ಬರ್ಲಿನ್‌ನಲ್ಲಿ. ಆಗ ವಯಸ್ಸು ಐವತ್ತರ ಹತ್ತಿರ.