ಜಾನ್ ಫ್ಲಿನ್

ಜಾನ್ ಫ್ಲಿನ್ (25 ನವೆಂಬರ್ 1880 – 5 ಮೇ 1951) ಆಸ್ಟ್ರೇಲಿಯದ ಪ್ರೆಸ್ಬಿಟೇರಿಯನ್ ಪಾದ್ರಿ. ವೈದ್ಯರಿಲ್ಲದ ಒಳನಾಡಿಗೆ ವಿಮಾನ ಮತ್ತು ರೇಡಿಯೊಗಳ ಮೂಲಕ ಚಿಕಿತ್ಸೆ ತಲುಪಿಸಿದ ಹಾರುವ ವೈದ್ಯಸೇವೆಯ ಸ್ಥಾಪಕರು. ಸ್ವತಃ ಅವರು ವೈದ್ಯರಾಗಿರಲಿಲ್ಲ.

ಜೀವನ

ಫ್ಲಿನ್ ವಿಕ್ಟೋರಿಯ ಪ್ರಾಂತ್ಯದ ಮೊಲಿಯಾಗಲ್ ಎಂಬ ಊರಿನಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದರು. 1911ರಲ್ಲಿ ಪಾದ್ರಿಯಾದರು. ಮರುವರ್ಷ ಅವರು ಒಳನಾಡಿನ ಸ್ಥಿತಿಗತಿಯ ಬಗ್ಗೆ ಸಲ್ಲಿಸಿದ ವರದಿಯನ್ನು ಒಪ್ಪಿ, ಚರ್ಚು ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್ ಎಂಬ ಸಂಸ್ಥೆಯನ್ನು ತೆರೆದು ಅದರ ಹೊಣೆಯನ್ನು ಅವರಿಗೇ ವಹಿಸಿತು.

ದೂರದಿಂದ ಚಿಕಿತ್ಸೆ

ಆ ಕಾಲದ ಕೊರತೆ ಎಷ್ಟಿತ್ತೆಂಬುದಕ್ಕೆ 1917ರ ಒಂದು ಘಟನೆ ಸಾಕು. ಪಶ್ಚಿಮ ಆಸ್ಟ್ರೇಲಿಯದ ಹಾಲ್ಸ್ ಕ್ರೀಕ್ ಬಳಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ತೀವ್ರವಾಗಿ ಗಾಯಗೊಂಡನು. ದೂರದ ಪರ್ತ್ ನಗರದ ವೈದ್ಯರು ತಂತಿಯಲ್ಲಿ ಕಳುಹಿಸಿದ ಸೂಚನೆಗಳಂತೆ ಊರಿನ ಪೋಸ್ಟ್ ಮಾಸ್ಟರರೇ ಸಣ್ಣ ಚಾಕುವಿನಿಂದ ಶಸ್ತ್ರಕ್ರಿಯೆ ಮಾಡಿದರು. ವೈದ್ಯರು ಹಡಗು, ಕಾರುಗಳಲ್ಲಿ ಪಯಣಿಸಿ ತಲುಪುವಷ್ಟರಲ್ಲಿ ಡಾರ್ಸಿ ತೀರಿಕೊಂಡಿದ್ದನು.

ಅದೇ ವರ್ಷ ಕ್ಲಿಫರ್ಡ್ ಪೀಲ್ ಎಂಬ ಯುವ ಸೈನಿಕ, ರೋಗಿಗಳಿಗಾಗಿ ವಿಮಾನ ಬಳಸಬಹುದೆಂದು ಫ್ಲಿನ್‌ರಿಗೆ ಪತ್ರ ಬರೆದನು. ಮರುವರ್ಷ ಅವನು ಯುದ್ಧದಲ್ಲಿ ಮಡಿದನು. ಆ ಯೋಜನೆಗೆ ಹಣ ಕೂಡಿಸಲು ಫ್ಲಿನ್‌ರಿಗೆ ಹತ್ತು ವರ್ಷ ಹಿಡಿಯಿತು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಿಂದ, ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ಪಡೆದ ವಿಮಾನದಲ್ಲಿ ಡಾ. ವೆಲ್ಚ್ ಮೊದಲ ಬಾರಿಗೆ ರೋಗಿಯತ್ತ ಹಾರಿದರು.

ಆದರೆ ಕರೆಯುವ ದಾರಿಯೇ ಇಲ್ಲದಿದ್ದರೆ ವಿಮಾನವಿದ್ದೂ ವ್ಯರ್ಥ. ಜಾನುವಾರು ಸಾಕುವವರ ಒಂಟಿ ಮನೆಗಳಲ್ಲಿ ವಿದ್ಯುತ್ತೂ ಇರಲಿಲ್ಲ, ಟೆಲಿಫೋನೂ ಇರಲಿಲ್ಲ. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಇದಕ್ಕಾಗಿ ಸೈಕಲ್ಲಿನಂತೆ ಪೆಡಲ್ ತುಳಿದು ವಿದ್ಯುತ್ ಪಡೆಯುವ ರೇಡಿಯೊವನ್ನು ರೂಪಿಸಿದರು. 1929ರಿಂದ ಅದು ಮನೆಗಳನ್ನು ಸೇರತೊಡಗಿತು. ಮೊದಲಿಗೆ ಮೋರ್ಸ್ ಸಂಕೇತದಲ್ಲೇ ಸಂದೇಶ ಕಳುಹಿಸಬೇಕಿತ್ತು. ಅದನ್ನು ಕಲಿಯುವುದು ಅನೇಕರಿಗೆ ಕಷ್ಟವಾದ್ದರಿಂದ, ಅಕ್ಷರದ ಕೀಲಿ ಒತ್ತಿದರೆ ತಾನೇ ಸಂಕೇತ ಹೊರಡಿಸುವ ಯಂತ್ರವನ್ನೂ ಟ್ರೇಗರ್ ತಯಾರಿಸಿದರು. ಮುಂದೆ ಮನೆಗಳಿಗೆ ಸಂಖ್ಯೆ ನಮೂದಿಸಿದ ಔಷಧಿಗಳ ಪೆಟ್ಟಿಗೆಯನ್ನು ಒದಗಿಸಲಾಯಿತು. ವೈದ್ಯರು ರೇಡಿಯೊದಲ್ಲಿ ಸಂಖ್ಯೆ ಹೇಳಿದರೆ ಮನೆಯವರು ಆ ಔಷಧವನ್ನು ಕೊಡುತ್ತಿದ್ದರು. ಇಂದಿನ ದೂರವೈದ್ಯಕೀಯದ ಮೂಲಗಳಲ್ಲಿ ಇದನ್ನು ಎಣಿಸಲೇಬೇಕು.

ಟೀಕೆ

ಫ್ಲಿನ್‌ರ ಮಿಷನ್ ಮುಖ್ಯವಾಗಿ ಬಿಳಿಯ ವಲಸಿಗರಿಗಾಗಿ ದುಡಿಯಿತು. ಅದೇ ನೆಲದ ಮೂಲನಿವಾಸಿಗಳನ್ನು ಅದು ಕಡೆಗಣಿಸಿತೆಂದು ಅಡಿಲೇಡಿನ ಶಸ್ತ್ರವೈದ್ಯ ಚಾರ್ಲ್ಸ್ ಡುಗಿಡ್ ಟೀಕಿಸಿದರು. ಸಾಧನೆಯ ಹಿರಿಮೆಯಿಂದ ಈ ಲೋಪ ಮುಚ್ಚಿಹೋಗುವಂಥದ್ದಲ್ಲ.

ಮರಣಾನಂತರ

ಫ್ಲಿನ್ ಸಿಡ್ನಿಯಲ್ಲಿ ನಿಧನರಾದರು. 1994ರಿಂದ ಆಸ್ಟ್ರೇಲಿಯದ 20 ಡಾಲರ್ ನೋಟಿನ ಮೇಲೆ ಅವರ ಚಿತ್ರವಿದೆ. ಆಲಿಸ್ ಸ್ಪ್ರಿಂಗ್ಸ್ ಬಳಿಯ ಅವರ ಸಮಾಧಿಯ ಮೇಲೆ ಇಟ್ಟಿದ್ದ ದೊಡ್ಡ ಬಂಡೆಯನ್ನು ಮೂಲನಿವಾಸಿಗಳ ಪವಿತ್ರ ಸ್ಥಳವಾದ ಕಾರ್ಲು ಕಾರ್ಲುವಿನಿಂದ ಅವರ ಒಪ್ಪಿಗೆಯಿಲ್ಲದೆ ತರಲಾಗಿತ್ತು. ದೀರ್ಘ ಕಾಲದ ಒತ್ತಾಯದ ಬಳಿಕ 1999ರಲ್ಲಿ ಅದನ್ನು ಹಿಂದಿರುಗಿಸಿ, ಅರೆರ್ನ್ಟ ಜನರು ನೀಡಿದ ಮತ್ತೊಂದು ಕಲ್ಲನ್ನು ಅಲ್ಲಿ ಇರಿಸಲಾಯಿತು.