ಇಟ್ಟಿಗೆಯಿಂದ ಅಕ್ಷರ ಕಲಿಸಿದ ಪಾವ್ಲೊ ಫ್ರೇರೆ

ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಅಂಜಿಕೋಸ್ ಎಂಬ ಸಣ್ಣ ಊರಿದೆ. 1963ರ ಏಪ್ರಿಲ್ 2ರಂದು ದೇಶದ ಅಧ್ಯಕ್ಷ ಜೊವಾವ್ ಗುಲಾರ್ಟ್ ಅಲ್ಲಿಗೆ ಬಂದರು. ಕೃಷಿ ಕೂಲಿಗಳು, ಗಾರೆ ಕೆಲಸದವರು, ಮನೆಗೆಲಸದ ಹೆಂಗಸರು ಸೇರಿ ಸುಮಾರು 300 ಮಂದಿಗೆ ನಡೆದ ಸಾಕ್ಷರತಾ ತರಗತಿಯ ಕೊನೆಯ ಪಾಠಕ್ಕೆ ಹಾಜರಾಗುವುದು ಅವರ ಉದ್ದೇಶವಾಗಿತ್ತು. ಒಟ್ಟು 40 ಗಂಟೆಗಳ ಬೋಧನೆಯಲ್ಲಿ ಈ ದುಡಿಮೆಗಾರರು ಓದು ಬರಹ ಕಲಿತಿದ್ದರು. ಆ ಪ್ರಯೋಗದ ಸೂತ್ರಧಾರ ಪಾವ್ಲೊ ಫ್ರೇರೆ.

ಫ್ರೇರೆ ಹುಟ್ಟಿದ್ದು 1921ರ ಸೆಪ್ಟೆಂಬರ್ 19ರಂದು, ರೆಸಿಫೆ ನಗರದಲ್ಲಿ. ಮಧ್ಯಮ ವರ್ಗದ ಆ ಕುಟುಂಬವನ್ನು 1929ರ ಆರ್ಥಿಕ ಕುಸಿತ ಬಡತನಕ್ಕೆ ನೂಕಿತು. 1934ರಲ್ಲಿ ತಂದೆ ತೀರಿಕೊಂಡರು. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಎಂಬುದನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಮುಂದೆ ಕಾನೂನು ಓದಿದರೂ ವಕೀಲಿಕೆಯನ್ನು ಬಹುಬೇಗ ಕೈಬಿಟ್ಟು ಪೋರ್ಚುಗೀಸ್ ಭಾಷಾ ಬೋಧನೆಯಲ್ಲೇ ನೆಲೆ ಕಂಡರು. 1944ರಲ್ಲಿ ಶಾಲಾ ಶಿಕ್ಷಕಿ ಎಲ್ಜಾ ಅವರನ್ನು ವರಿಸಿದರು.

1947ರಲ್ಲಿ ಅವರು ಸೇರಿದ್ದು ಉದ್ಯಮಿಗಳ ವಂತಿಗೆಯಿಂದ ನಡೆಯುತ್ತಿದ್ದ 'ಸೆಸಿ' ಎಂಬ ಕಾರ್ಮಿಕ ಕಲ್ಯಾಣ ಸಂಸ್ಥೆಯನ್ನು. ಅಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದಾಗ ನಡೆದ ಒಂದು ಘಟನೆ ಅವರ ದಾರಿಯನ್ನೇ ಬದಲಿಸಿತು. ಮಕ್ಕಳನ್ನು ಹೊಡೆಯಬಾರದೆಂದು ಮನಶ್ಶಾಸ್ತ್ರಜ್ಞ ಪಿಯಾಜೆಯನ್ನು ಉದ್ಧರಿಸಿ ಕಾರ್ಮಿಕ ಪೋಷಕರ ಮುಂದೆ ಅವರು ದೀರ್ಘ ಉಪನ್ಯಾಸ ನೀಡಿದ್ದರು. ಸುಮಾರು 40ರ ಪ್ರಾಯದ ಕಾರ್ಮಿಕನೊಬ್ಬ ಎದ್ದು ನಿಂತ. ತಾವೆಲ್ಲ ವಾಸಿಸುವ ಇಕ್ಕಟ್ಟಿನ ಮನೆ ಹೇಗಿರುತ್ತದೆ, ಉಪನ್ಯಾಸಕರ ಮನೆಯಲ್ಲಿ ಕೋಣೆಗಳು ಎಷ್ಟಿರಬಹುದು ಎಂದು ಒಂದೊಂದಾಗಿ ಬಣ್ಣಿಸಿದ. ದಣಿದು ಬಂದವನಿಗೆ ಹಸಿದ ಮಕ್ಕಳ ಗದ್ದಲದ ನಡುವೆ ನಿದ್ದೆಯೂ ಇಲ್ಲದಿರುವಾಗ ಕೈ ಮೇಲೇಳುವುದು ಪ್ರೀತಿ ಇಲ್ಲದ್ದರಿಂದಲ್ಲ ಎಂದು ತಿಳಿಯಹೇಳಿದ. ಫ್ರೇರೆ ಕುರ್ಚಿಯಲ್ಲಿ ಕುಗ್ಗಿಹೋದರು. ತಮ್ಮ ಮಾತು ಜನರಿಗೆ ಅರ್ಥವಾಗಲಿಲ್ಲವೆಂದು ಮನೆಗೆ ಮರಳುವಾಗ ಹಲುಬಿದ ಪತಿಗೆ, ಅರ್ಥ ಮಾಡಿಕೊಳ್ಳಬೇಕಾದವರು ಯಾರು ಎಂಬುದನ್ನು ಎಲ್ಜಾ ನೆನಪಿಸಿದರು.

ಹೀಗಾಗಿ ಅವರ ತರಗತಿಯಲ್ಲಿ ಸಿದ್ಧ ಬಾಲಬೋಧೆ ಇರಲಿಲ್ಲ. ಮೊದಲು ಆ ಬಡಾವಣೆಯ ಜನರ ಮಾತನ್ನು ಆಲಿಸಿ, ಅವರ ದುಡಿಮೆ, ಬದುಕಿಗೆ ಹತ್ತಿರವಾದ ಹದಿನೈದಿಪ್ಪತ್ತು ಪದಗಳನ್ನು ಆರಿಸಲಾಗುತ್ತಿತ್ತು. ರೆಸಿಫೆ ಬಳಿಯ ಒಂದು ಬಡ ಬಡಾವಣೆಯ ಪಟ್ಟಿಯಲ್ಲಿ ಇಟ್ಟಿಗೆ, ಮತ, ಏಡಿ, ಬಿಡಿಗೆಲಸ, ಯಂತ್ರ, ನೌಕರಿ, ಗುದ್ದಲಿ ಎಂಬ ಪದಗಳಿದ್ದವು. ಗೋಡೆ ಕಟ್ಟುವ ಚಿತ್ರ ತೋರಿಸಿ ಮೊದಲು ಚರ್ಚೆ. ಬಳಿಕ ಇಟ್ಟಿಗೆಯ ಪೋರ್ಚುಗೀಸ್ ಪದ 'ತಿಜೊಲೊ'ವನ್ನು ತಿ, ಜೊ, ಲೊ ಎಂದು ಒಡೆದು ತ-ತೆ-ತಿ-ತೊ-ತು, ಜ-ಜೆ-ಜಿ-ಜೊ-ಜು, ಲ-ಲೆ-ಲಿ-ಲೊ-ಲು ಎಂದು ಬರೆಯಲಾಗುತ್ತಿತ್ತು. ಕಾಗುಣಿತ ಬಲ್ಲ ಕನ್ನಡಿಗರಿಗೆ ಇದು ಹೊಸದೇನಲ್ಲ. ಆದರೆ ಆ ತುಣುಕುಗಳನ್ನು ಜೋಡಿಸಿ ಕಲಿಯುವವರೇ ಹೊಸ ಪದ ಕಟ್ಟುತ್ತಿದ್ದರು. 'ಲೋಜ' ಎಂದರೆ ಅಂಗಡಿ, 'ಲೂತ' ಎಂದರೆ ಹೋರಾಟ. ಮೊದಲ ಸಂಜೆಯೇ ಸ್ವಂತ ಪದ ಬರೆದ ಕೂಲಿಕಾರನಿಗೆ ತಾನು ದಡ್ಡನೆಂಬ ಭಾವನೆ ಉಳಿಯುತ್ತಿರಲಿಲ್ಲ.

40 ಗಂಟೆಯ ಕಲಿಕೆ ಸರಳ ವಾಕ್ಯಗಳನ್ನು ಓದಿ ಬರೆಯುವಷ್ಟರದು. ಅದನ್ನು ಪವಾಡವೆಂದು ಕೊಂಡಾಡುವುದು ಅತಿಶಯೋಕ್ತಿಯಾದೀತು. ಮುಂದಿನ ಹಂತದ ಪಾಠವಿಲ್ಲದಿದ್ದರೆ ಅಕ್ಷರ ಮರೆಯುವ ಭಯ ಇದ್ದೇ ಇತ್ತು. ಆದರೂ ಭೂಮಾಲೀಕರ ನಿದ್ದೆಗೆಡಿಸಲು ಅಷ್ಟೇ ಸಾಕಾಗಿತ್ತು. ಬ್ರೆಜಿಲ್‌ನಲ್ಲಿ ಆಗ ಅನಕ್ಷರಸ್ಥರಿಗೆ ಮತದಾನದ ಹಕ್ಕೇ ಇರಲಿಲ್ಲ. ಹೆಸರು ಬರೆಯಲು ಕಲಿತ ಕೂಲಿಕಾರ ಮತದಾರನೂ ಆಗಬಲ್ಲವನಾಗಿದ್ದ. 1964ರ ಜನವರಿಯಲ್ಲಿ ಗುಲಾರ್ಟ್ ಸರ್ಕಾರ ಇದೇ ಪದ್ಧತಿಯನ್ನು ರಾಷ್ಟ್ರೀಯ ಯೋಜನೆಯಾಗಿ ಕೈಗೆತ್ತಿಕೊಂಡಿತು. 20,000 ಕಲಿಕಾ ಕೂಟಗಳ ಮೂಲಕ 20 ಲಕ್ಷ ಜನರನ್ನು ತಲುಪುವ ಗುರಿ ಅದರದ್ದಾಗಿತ್ತು.

ಮೂರು ತಿಂಗಳೂ ತುಂಬಿರಲಿಲ್ಲ, ಸೇನೆ ಅಧಿಕಾರ ಕಸಿದುಕೊಂಡಿತು. ಸೇನಾ ಆಡಳಿತದ ಮೊದಲ ಅಧ್ಯಕ್ಷನಾದ ಜನರಲ್ ಕಾಸ್ಟೆಲೊ ಬ್ರಾಂಕೊ, ಅಂಜಿಕೋಸ್‌ನ ಆ ಸಮಾರಂಭದಲ್ಲಿ ಹಾಜರಿದ್ದವರಲ್ಲೊಬ್ಬ. ಏಪ್ರಿಲ್ 14ರಂದು ಯೋಜನೆ ರದ್ದಾಯಿತು. ಸುಮಾರು 70 ದಿನ ಸೆರೆಯಲ್ಲಿದ್ದ ಫ್ರೇರೆ ಬೊಲಿವಿಯಾ ಮೂಲಕ ಚಿಲಿ ಸೇರಿದರು. ಅಲ್ಲಿ ರೈತರ ನಡುವೆ ದುಡಿಯುತ್ತ ಬರೆದ 'ದಮನಿತರ ಶಿಕ್ಷಣಶಾಸ್ತ್ರ' 1970ರಲ್ಲಿ ಇಂಗ್ಲಿಷ್‌ಗೆ ಬಂದು ಲೋಕವಿಖ್ಯಾತವಾಯಿತು. ಹಾರ್ವರ್ಡ್, ಬಳಿಕ ಜಿನೀವಾ. ಒಟ್ಟು 16 ವರ್ಷಗಳ ವನವಾಸ.

1980ರಲ್ಲಿ ತಾಯ್ನಾಡಿಗೆ ಮರಳಿದ ಅವರು 1989ರಿಂದ 1991ರವರೆಗೆ ಸಾವೊ ಪಾವ್ಲೊ ನಗರದ ಶಿಕ್ಷಣ ಕಾರ್ಯದರ್ಶಿಯಾಗಿ ವಯಸ್ಕರ ತರಗತಿಗಳಿಗೆ ಮತ್ತೆ ಚಾಲನೆ ನೀಡಿದರು. 1997ರ ಮೇ 2ರಂದು ಕೊನೆಯುಸಿರೆಳೆದರು. ಅದಕ್ಕೆ 12 ವರ್ಷ ಮೊದಲೇ, 1985ರಲ್ಲಿ, ಬ್ರೆಜಿಲ್ ಸಂವಿಧಾನ ತಿದ್ದುಪಡಿ ಮಾಡಿ ಓದು ಬಾರದವರಿಗೂ ಮತದಾನದ ಹಕ್ಕು ನೀಡಿತ್ತು.