ಕಲ್ಲಿಗೆ ಇಂಡೆಕ್ಸ್ ಬರೆದ ಫ್ಲೀಟ್ ಸಾಹೇಬ

ಗೀಡ್ರಾ ಬಳಸಿದವರಿಗೆ ಗೊತ್ತಿರ್ತದ. ಒಂದು ಇನ್‌ಸ್ಟ್ರಕ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೊಸೆಸರ್ ಮ್ಯಾನ್ಯುವಲ್ ಕೇಳಿದರೆ, ಅದರದೇ ಪುಟ ತೆರೀಬೇಕು. ಕಂಪನಿ ಮ್ಯಾನ್ಯುವಲ್ ಪರಿಷ್ಕರಿಸಿತೋ, ಪುಟಸಂಖ್ಯೆ ಎಲ್ಲಾ ಸರೀತಾವ. ಆಗ ಯಾರೋ ಒಬ್ಬರು ಕೂತು ಇಂಡೆಕ್ಸ್ ಫೈಲನ್ನು ಸಾಲು ಸಾಲಾಗಿ ತಿದ್ದಬೇಕು. ಬೇಸರದ ಕೆಲಸ, ಆದರೆ ಬಿಟ್ಟರೆ ಓದುವವರು ದಾರಿ ತಪ್ತಾರ. ನಮ್ಮ ಸವದತ್ತಿ, ಬೈಲಹೊಂಗಲ ಸೀಮೆಯ ಇತಿಹಾಸಕ್ಕೆ ಇಂಥ ಕೆಲಸ ಮಾಡಿದವರು ಜಾನ್ ಫೇತ್‌ಫುಲ್ ಫ್ಲೀಟ್.

1847ರಲ್ಲಿ ಹುಟ್ಟಿದ ಫ್ಲೀಟ್, ಸಿವಿಲ್ ಸರ್ವಿಸ್ ಸೇರಿ 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆದರು. ಸರ್ಕಾರಿ ನೌಕರಿ ಮಾಡುತ್ತಲೇ ಹಳಗನ್ನಡ, ಸಂಸ್ಕೃತ ಶಾಸನಗಳ ಬೆನ್ನು ಹತ್ತಿದರು.

ಸವದತ್ತಿಯ ರಟ್ಟರ ಬಗ್ಗೆ ಆಗ ಕೈಗೆ ಸಿಗುವ ಮ್ಯಾನ್ಯುವಲ್ ಯಾವುದೂ ಇರಲಿಲ್ಲ. ಇದ್ದದ್ದು ಕಲ್ಲು ಮಾತ್ರ. ಅದರಲ್ಲಿ ಅರಸನ ಹೆಸರು, ಅವನ ಮೇಲಿನ ಚಕ್ರವರ್ತಿ, ಶಕವರ್ಷ, ಸಂವತ್ಸರ, ತಿಥಿ, ವಾರ ಇರ್ತಾವ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಕ್ಕೀತು, ಆದರೆ ಅಷ್ಟಕ್ಕೇ ಮುಗಿಯೋದಿಲ್ಲ. ಸಂವತ್ಸರದ ಹೆಸರು ಆ ವರ್ಷಕ್ಕೆ ಹೊಂದಬೇಕು, ತಿಥಿಗೆ ವಾರ ಕೂಡಬೇಕು. ಒಂದು ತಪ್ಪಿದರೂ ಇಡೀ ವಂಶಾವಳಿಯ ಲೆಕ್ಕ ಮತ್ತೆ ನೋಡಬೇಕು. ಒಂದು ಪಾಯಿಂಟರ್ ತಪ್ಪಿದರೆ ಮುಂದಿನದೆಲ್ಲ ಕಸ ಆಗ್ತದಲ್ಲ, ಹಂಗ!

ಹೀಗೆ ಕೂಡಿಸಿದ್ದನ್ನು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಪುಸ್ತಕವಾಗಿ ತಂದರು. ಕೆಲಸ ಮುಗೀತು ಅಂತ ಕೈ ತೊಳಕೊಳ್ಳಲಿಲ್ಲ. ಹೊಸ ಶಾಸನಗಳು ಸಿಕ್ಕಂತೆ ತಮ್ಮದೇ ಪುಸ್ತಕವನ್ನು ಮತ್ತೆ ಬರೆದರು. ಹಿಗ್ಗಿದ ಆ ಆವೃತ್ತಿ 1896ರಲ್ಲಿ ಬಾಂಬೆ ಗೆಜೆಟಿಯರ್‌ನಲ್ಲಿ ಬಂತು. ನಡುವೆ 1883ರಲ್ಲಿ ಸರ್ಕಾರದ ಶಾಸನತಜ್ಞರಾಗಿ, 1888ರ ಗ್ರಂಥದಲ್ಲಿ ಗುಪ್ತಶಕೆಯ ಆರಂಭವನ್ನು 319-20 ಎಂದು ಗಟ್ಟಿ ಮಾಡಿದರು. ಅದರ ಪಂಚಾಂಗದ ಲೆಕ್ಕಕ್ಕೆ ನೆರವಾದವರು ಶಂಕರ ಬಾಲಕೃಷ್ಣ ದೀಕ್ಷಿತರು.

ಇನ್ನೊಂದು ಮಾತು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಕಂಪನಿ ಸರ್ಕಾರ. ಬ್ರಿಟಿಷ್ ಆಳ್ವಿಕೆಯದೇ ಅಧಿಕಾರಿಯಾದ ಫ್ಲೀಟ್, ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದರು. ಯಾರ ಪರ ಇದ್ದರು ಅನ್ನೋದಕ್ಕೆ ನೌಕರಿಯೇ ಉತ್ತರ. ಆದರೂ ನಮ್ಮ ಜನ ಹಾಡಿದ್ದು ಕಾಗದದ ಮೇಲೆ ಉಳೀತು.

1897ರಲ್ಲಿ ನಿವೃತ್ತರಾದ ಫ್ಲೀಟ್ 1917ರಲ್ಲಿ ತೀರಿಕೊಂಡರು. ಅವರ ಎಷ್ಟೋ ತೀರ್ಮಾನಗಳನ್ನು ಮುಂದಿನವರು ತಿದ್ದಿದ್ದಾರೆ. ತಿದ್ದಲು ಬರುವ ಹಾಗೆ ಆಧಾರ ಬರೆದಿಟ್ಟದ್ದೇ ಅವರ ದೊಡ್ಡ ಕೆಲಸ. ಮುಂದಿನ ಸಲ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಸವದತ್ತಿಯೊಳಗೂ ಸ್ವಲ್ಪ ನಿಂತು, ಒಂದು ಕಲ್ಲನ್ನಾದರೂ ನೋಡಿ ಬರ್ರಿ.